ಸ್ಟಾರ್ಟ್ ಆಗದ ಡರ್ಟ್ ಬೈಕ್: ದೋಷ ಹುಡುಕುವ ಕ್ರಮ

ಜೂನ್ ತಿಂಗಳಲ್ಲಿ ಮಳೆ ಹಿಡಿದಾಗ ಶೆಡ್ಡಿನ ಮೂಲೆ ಸೇರಿದ ಡರ್ಟ್ ಬೈಕನ್ನು ಅಕ್ಟೋಬರಿನಲ್ಲಿ ಹೊರಗೆ ತಂದು ಕಿಕ್ ಹೊಡೆದರೆ ಅದು ಸ್ಟಾರ್ಟ್ ಆಗದಿರುವುದು ಮಲೆನಾಡಿನಲ್ಲಿ ಪ್ರತಿ ವರ್ಷ ಕಾಣುವ ಸಂಗತಿ. ಹೆಚ್ಚಿನವರು ಮೊದಲು ಬೆವರು ಇಳಿಯುವವರೆಗೆ ಕಿಕ್ ಹೊಡೆಯುತ್ತಾರೆ, ಆಮೇಲೆ ಹೊಸ ಪ್ಲಗ್ ತರುತ್ತಾರೆ, ಅದೂ ಫಲಿಸದಿದ್ದರೆ ಕಾಯಿಲ್ (ಕಿಡಿಗೆ ಬೇಕಾದ ವೋಲ್ಟೇಜ್ ಏರಿಸುವ ಭಾಗ), ಬ್ಯಾಟರಿ, ಸಿಡಿಐ (ಕಿಡಿಯನ್ನು ನಿಯಂತ್ರಿಸುವ ಪೆಟ್ಟಿಗೆ) ಎಂದು ಒಂದೊಂದಾಗಿ ಬದಲಿಸುತ್ತಾ ಹೋಗುತ್ತಾರೆ. ಹೀಗೆ ಮಾಡಿದರೆ ಹಣ ಖರ್ಚಾಗುತ್ತದೆ, ಗಾಡಿ ಕೊನೆಗೆ ಸ್ಟಾರ್ಟ್ ಆದರೂ ಯಾವ ಕಾರಣಕ್ಕೆ ನಿಂತಿತ್ತು ಎಂಬುದು ತಿಳಿಯದೆ ಉಳಿಯುತ್ತದೆ. ಎಂಜಿನ್ ಉರಿಯಬೇಕಾದರೆ ಪೆಟ್ರೋಲ್, ಗಾಳಿ, ಕಿಡಿ ಮತ್ತು ಕಂಪ್ರೆಶನ್ (ಸಿಲಿಂಡರಿನಲ್ಲಿ ಮಿಶ್ರಣ ಅದುಮಿದಾಗ ಏಳುವ ಒತ್ತಡ) ಎಂಬ ನಾಲ್ಕು ಸೇರಬೇಕು. ಇವುಗಳಲ್ಲಿ ಯಾವುದು ಕೊರತೆಯಾಗಿದೆ ಎಂದು ತಿಳಿಯುವವರೆಗೆ ಯಾವ ಭಾಗವನ್ನೂ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಅದನ್ನು ತಿಳಿಯಲು ಒಂದು ಪ್ಲಗ್ ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ಮತ್ತು ಅರ್ಧ ಗಂಟೆಯ ತಾಳ್ಮೆ ಬಹುಪಾಲು ಸಂದರ್ಭಗಳಲ್ಲಿ ಸಾಕಾಗುತ್ತದೆ.

ನಮ್ಮ ಕಡೆ ಮಣ್ಣಿನ ದಾರಿಯಲ್ಲಿ ಓಡುವ ಗಾಡಿಗಳು ಒಂದೇ ಬಗೆಯವಲ್ಲ. 2011ರಲ್ಲಿ ಬಂದ ಹೀರೋ ಇಂಪಲ್ಸ್ ಕಾರ್ಬುರೇಟರ್ ಗಾಡಿ, ಅಂದರೆ ಗಾಳಿಯ ಸೆಳೆತದಿಂದಲೇ ಪೆಟ್ರೋಲ್ ಬೆರೆಸುವಂಥದ್ದು. 2019ರ ಎಕ್ಸ್‌ಪಲ್ಸ್ 200 ಕಾರ್ಬುರೇಟರ್ ಮತ್ತು ಫ್ಯುಯೆಲ್ ಇಂಜೆಕ್ಷನ್ (ಪಂಪು ಮತ್ತು ಕಂಪ್ಯೂಟರಿನ ಮೂಲಕ ಪೆಟ್ರೋಲ್ ಸಿಂಪಡಿಸುವ ಏರ್ಪಾಡು) ಎರಡರಲ್ಲೂ ದೊರೆಯುತ್ತಿತ್ತು, ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ ಮೇಲೆ ಅದು ಇಂಜೆಕ್ಷನ್‌ನಲ್ಲಿ ಮಾತ್ರ ಉಳಿಯಿತು. ಇವುಗಳ ಜೊತೆಗೆ ಟ್ರ್ಯಾಕಿಗೆಂದೇ ಮಾಡಿದ, ನೋಂದಣಿಯಿಲ್ಲದ ಸಣ್ಣ ಗಾಡಿಗಳೂ, ಡರ್ಟ್ ರೇಸಿಗಾಗಿ ಬದಲಾಯಿಸಿಕೊಂಡ ಹಳೆಯ ಟೂ ಸ್ಟ್ರೋಕ್ ಯಮಹಾಗಳೂ ಇವೆ. ಎಲ್ಲಕ್ಕೂ ಹುಡುಕುವ ಕ್ರಮ ಒಂದೇ, ವಿವರಗಳು ಮಾತ್ರ ಬೇರೆ ಬೇರೆ. ಅವನ್ನು ಆಯಾ ಜಾಗದಲ್ಲಿ ಹೇಳುತ್ತೇನೆ.

ಪಾನಾ ಹಿಡಿಯುವ ಮೊದಲು

ಹ್ಯಾಂಡಲಿನ ಮೇಲಿರುವ, ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ನೋಡಿ. ಇದನ್ನು ಹೇಳುವ ಅಗತ್ಯವೇ ಇಲ್ಲ ಎನಿಸಬಹುದು, ಆದರೆ ಕಾಫಿ ಗಿಡಗಳ ನಡುವೆ ಹೋಗುವಾಗ ರೆಂಬೆ ತಗುಲಿ ಅಥವಾ ಗಾಡಿ ಮಗುಚಿದಾಗ ನೆಲ ತಗುಲಿ ಈ ಸ್ವಿಚ್ ತಾನಾಗಿ ಆಫ್ ಆಗುವುದುಂಟು. ನಂತರ ಪೆಟ್ರೋಲ್ ಟ್ಯಾಪ್ ತೆರೆದಿದೆಯೇ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ಎಂದು ಮುಚ್ಚಳ ತೆಗೆದು ಕಣ್ಣಿನಿಂದಲೇ ನೋಡಬೇಕು. ಮಟ್ಟ ಕಡಿಮೆಯಿದ್ದರೆ ಟ್ಯಾಪನ್ನು ರಿಸರ್ವ್‌ಗೆ ತಿರುಗಿಸಬೇಕು. ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಸೈಡ್ ಸ್ಟ್ಯಾಂಡ್ ಮೇಲಿದೆಯೇ ಎಂಬುದನ್ನೂ ಖಾತ್ರಿ ಮಾಡಿಕೊಳ್ಳಿ, ಏಕೆಂದರೆ ಇತ್ತೀಚಿನ ಹಲವು ಗಾಡಿಗಳಲ್ಲಿ ಸ್ಟ್ಯಾಂಡ್ ಮತ್ತು ಕ್ಲಚ್‌ಗೆ ಸೇರಿದ ಸ್ವಿಚ್‌ಗಳು ಎಂಜಿನ್ನನ್ನು ತಡೆಯುತ್ತವೆ ಮತ್ತು ಆ ಸ್ವಿಚ್‌ಗಳ ಸಂದಿಯಲ್ಲಿ ಕೆಸರು ಕೂತರೆ ಸ್ಟ್ಯಾಂಡ್ ಮೇಲಿದ್ದರೂ ಗಾಡಿಗೆ ಅದು ಕೆಳಗಿರುವಂತೆಯೇ ಕಾಣುತ್ತದೆ.

ತಣ್ಣಗಿರುವ ಕಾರ್ಬುರೇಟರ್ ಗಾಡಿಗೆ ಚೋಕ್ (ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿಸುವ ಗುಂಡಿ) ಪೂರ್ತಿ ಎಳೆದು, ಆಕ್ಸಿಲರೇಟರ್ ಮುಟ್ಟದೆ ಕಿಕ್ ಹೊಡೆಯಬೇಕು. ಚೋಕ್ ಹಾಕಿಯೂ ಆಕ್ಸಿಲರೇಟರ್ ತಿರುವಿದರೆ ಚೋಕ್‌ನ ದಾರಿಯಿಂದ ಪೆಟ್ರೋಲ್ ಎಳೆಯುವ ಸೆಳೆತ ಕುಗ್ಗುತ್ತದೆ. ಕಿಕ್ ಹೊಡೆಯುವುದಕ್ಕೂ ಒಂದು ಕ್ರಮವಿದೆ. ಕಿಕ್ಕರನ್ನು ನಿಧಾನವಾಗಿ ಒತ್ತುತ್ತಾ ಹೋದರೆ ಒಂದು ಜಾಗದಲ್ಲಿ ಅದು ಬಿಗಿಯಾಗುತ್ತದೆ. ಆ ಬಿಗಿಯನ್ನು ಸ್ವಲ್ಪವೇ ದಾಟಿಸಿ, ಕಿಕ್ಕರನ್ನು ಮೇಲಕ್ಕೆ ಬಿಟ್ಟು, ನಂತರ ಪೂರ್ತಿ ಕೆಳಗಿನವರೆಗೆ ಒಂದೇ ಹೊಡೆತ ಕೊಡಬೇಕು. ಅರ್ಧಂಬರ್ಧ ಹತ್ತು ಹೊಡೆತಗಳಿಗಿಂತ ಇಂತಹ ಎರಡು ಹೊಡೆತ ಮೇಲು, ಕಾಲಿಗೂ ಕ್ಷೇಮ.

ಯಾವಾಗ ನಿಂತಿತು ಎಂಬ ಪ್ರಶ್ನೆ

ವೈದ್ಯರು ಜ್ವರ ಎಂದಿನಿಂದ ಎಂದು ಮೊದಲು ಕೇಳುವಂತೆ, ಗಾಡಿ ಕೊನೆಯ ಬಾರಿ ಚೆನ್ನಾಗಿ ಓಡಿದ್ದು ಯಾವಾಗ, ಅದರ ನಂತರ ಏನಾಯಿತು ಎಂದು ನೆನಪಿಸಿಕೊಳ್ಳಬೇಕು. ತಿಂಗಳುಗಟ್ಟಲೆ ನಿಂತಿದ್ದರೆ ಮೊದಲ ಅನುಮಾನ ಕಾರ್ಬುರೇಟರಿನ ಮೇಲೆ, ಎರಡನೆಯದು ಬ್ಯಾಟರಿಯ ಮೇಲೆ. ಪ್ರೆಶರ್ ಪಂಪಿನಿಂದ ತೊಳೆದ ಮರುದಿನ ಕೈಕೊಟ್ಟಿದ್ದರೆ ಪ್ಲಗ್ ಕ್ಯಾಪ್ ಮತ್ತು ವೈರಿನ ಕನೆಕ್ಟರುಗಳಲ್ಲಿ ನೀರು ಸೇರಿರುವ ಸಾಧ್ಯತೆ ಹೆಚ್ಚು. ಬಿದ್ದು ಎದ್ದ ಕೂಡಲೇ ಸ್ಟಾರ್ಟ್ ಆಗದಿದ್ದರೆ ಎಂಜಿನ್ನಿಗೆ ಪೆಟ್ರೋಲ್ ತುಂಬಿ ಓವರ್‌ಫ್ಲೋ ಆಗಿರುತ್ತದೆ, ಅಥವಾ ಇಂಜೆಕ್ಷನ್ ಗಾಡಿಯಾದರೆ ಅದು ವಾಲಿದ್ದನ್ನು ಗ್ರಹಿಸುವ ಸೆನ್ಸರ್ ಎಂಜಿನ್ನನ್ನು ನಿಲ್ಲಿಸಿಬಿಟ್ಟಿರುತ್ತದೆ. ಈ ಎರಡನೆಯ ಸಂದರ್ಭದಲ್ಲಿ ಗಾಡಿಯನ್ನು ನೇರ ನಿಲ್ಲಿಸಿ, ಕೀಲಿಯನ್ನು ಪೂರ್ತಿ ಆಫ್ ಮಾಡಿ, ಕೆಲವು ಸೆಕೆಂಡು ಬಿಟ್ಟು ಮತ್ತೆ ಆನ್ ಮಾಡಿದರೆ ಸಾಕಾಗುತ್ತದೆ. ಇದು ತಿಳಿಯದೆ ಗಾಡಿಯನ್ನು ಗುಡ್ಡದಿಂದ ಕೆಳಗೆ ತಳ್ಳಿಕೊಂಡು ಬಂದವರನ್ನು ನಾನು ಕಂಡಿದ್ದೇನೆ.

ಹಳ್ಳ ದಾಟುವಾಗ ನೀರಿನ ನಡುವೆ ನಿಂತ ಗಾಡಿಯ ಕಥೆಯೇ ಬೇರೆ. ಅದಕ್ಕೆ ಸೆಲ್ಫ್ ಒತ್ತುವುದಾಗಲಿ, ಕಿಕ್ ಹೊಡೆಯುವುದಾಗಲಿ, ತಳ್ಳಿ ಸ್ಟಾರ್ಟ್ ಮಾಡುವುದಾಗಲಿ ಕೂಡದು. ಆ ಕ್ರಮವನ್ನು ಮುಂದೆ ಪ್ರತ್ಯೇಕವಾಗಿ ಹೇಳಿದ್ದೇನೆ.

ಸೆಲ್ಫ್ ಒತ್ತಿದಾಗ ಕೇಳುವ ಶಬ್ದವೂ ಒಂದು ಸುಳಿವು. ಟಕ್ ಟಕ್ ಎಂಬ ಸದ್ದು ಮಾತ್ರ ಬಂದು ಎಂಜಿನ್ ತಿರುಗದಿದ್ದರೆ ಬ್ಯಾಟರಿ ಇಳಿದಿದೆ ಅಥವಾ ಅದರ ಟರ್ಮಿನಲ್ ಸಡಿಲವಾಗಿದೆ ಎಂದರ್ಥ. ಮಲ್ಟಿಮೀಟರ್ ಇದ್ದರೆ ಅಳೆಯಿರಿ: ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12ಕ್ಕಿಂತ ಕೆಳಗಿದ್ದರೆ ಅದು ಬಹುತೇಕ ಖಾಲಿ. ಸೆಲ್ಫ್ ಒತ್ತಿದಾಗ ಅದು 10ಕ್ಕಿಂತ ಬಹಳ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ. ಏನೂ ಸದ್ದೇ ಇಲ್ಲದಿದ್ದರೆ ಫ್ಯೂಸ್ ನೋಡಿ. ಕಾರ್ಬುರೇಟರ್ ಗಾಡಿಯನ್ನು ಇಳಿಜಾರಿನಲ್ಲಿ ಎರಡನೆಯ ಗೇರಿಗೆ ಹಾಕಿ ತಳ್ಳಿ ಸ್ಟಾರ್ಟ್ ಮಾಡಬಹುದು. ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್ ಪಂಪು ಮತ್ತು ಕಂಪ್ಯೂಟರ್ ಎರಡಕ್ಕೂ ವಿದ್ಯುತ್ ಬೇಕಾದ್ದರಿಂದ, ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ತಳ್ಳಿದರೂ ಫಲ ಸಿಗುವುದು ಕಷ್ಟ.

ಪ್ಲಗ್ ಬಿಚ್ಚಿ ನೋಡುವುದು

ಮೇಲಿನದೆಲ್ಲ ಸರಿಯಿದ್ದು, ಎಂಜಿನ್ ತಿರುಗುತ್ತಿದ್ದೂ ಉರಿಯದಿದ್ದರೆ ಪ್ಲಗ್ ಬಿಚ್ಚಬೇಕು. ಇಡೀ ಪರೀಕ್ಷೆಯಲ್ಲಿ ಅತಿ ಹೆಚ್ಚು ತಿಳಿಸುವ ಹೆಜ್ಜೆ ಇದು. ಬಿಚ್ಚುವ ಮೊದಲು ಪ್ಲಗ್‌ನ ಸುತ್ತ ಇರುವ ಮಣ್ಣನ್ನು ಗಾಳಿಯಿಂದಲೋ ಬ್ರಷ್‌ನಿಂದಲೋ ಪೂರ್ತಿ ತೆಗೆಯಿರಿ. ಒಂದು ಚಿಟಿಕೆ ಮರಳು ಆ ತೂತಿನಿಂದ ಸಿಲಿಂಡರಿಗೆ ಬಿದ್ದರೆ, ಸ್ಟಾರ್ಟ್ ಆಗದ ಸಣ್ಣ ತೊಂದರೆ ಸಿಲಿಂಡರಿನ ಒಳಗೋಡೆ (ಬೋರ್) ಗೀರುವ ದೊಡ್ಡ ತೊಂದರೆಯಾಗುತ್ತದೆ.

ಹಲವು ಸಲ ಕಿಕ್ ಹೊಡೆದ ಮೇಲೂ ಪ್ಲಗ್‌ನ ತುದಿ ಒಣಗಿದ್ದು ಪೆಟ್ರೋಲ್ ವಾಸನೆ ಬಾರದಿದ್ದರೆ ಎಂಜಿನ್ನಿಗೆ ಪೆಟ್ರೋಲ್ ತಲುಪುತ್ತಿಲ್ಲ. ಆಗ ಕಿಡಿಯ ವಿಚಾರ ಬಿಟ್ಟು ನೇರವಾಗಿ ಕಾರ್ಬುರೇಟರಿನ ಕಡೆಗೆ ಹೋಗಬಹುದು. ಪ್ಲಗ್ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ: ಕಿಡಿ ಇಲ್ಲ, ಅಥವಾ ಪೆಟ್ರೋಲ್ ಅತಿಯಾಗಿದೆ. ಒಣಗಿದ ಕಪ್ಪು ಮಸಿ ಕೂತಿದ್ದರೆ ಪೆಟ್ರೋಲಿನ ಪ್ರಮಾಣ ಹೆಚ್ಚು ಅಥವಾ ಗಾಳಿ ಕಡಿಮೆ, ಅಂದರೆ ಫಿಲ್ಟರ್ ಕಟ್ಟಿರಬಹುದು ಅಥವಾ ಚೋಕ್ ಪೂರ್ತಿ ಹಿಂದೆ ಸರಿಯದೆ ಹಾಕಿದಂತೆಯೇ ಉಳಿದಿರಬಹುದು. ಜಿಡ್ಡಾದ ಎಣ್ಣೆ ಹತ್ತಿದ್ದರೆ ಫೋರ್ ಸ್ಟ್ರೋಕ್ ಗಾಡಿಯಲ್ಲಿ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಟೂ ಸ್ಟ್ರೋಕ್ ಗಾಡಿಯಲ್ಲಿ ಸ್ವಲ್ಪ ಎಣ್ಣೆ ಸಹಜ, ತೊಟ್ಟಿಕ್ಕುವಷ್ಟಿದ್ದರೆ ಸಹಜವಲ್ಲ.

ಈಗ ಕಿಡಿಯ ಪರೀಕ್ಷೆ, ಮೆಕ್ಯಾನಿಕ್‌ಗಳ ಮಾತಿನಲ್ಲಿ ಕರೆಂಟ್ ನೋಡುವುದು. ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ, ಪ್ಲಗ್‌ನ ಲೋಹದ ಮೈ ಎಂಜಿನ್ನಿನ ಬರಿಯ ಲೋಹಕ್ಕೆ ಗಟ್ಟಿಯಾಗಿ ತಾಗುವಂತೆ ಇಟ್ಟು, ನೆರಳಿನಲ್ಲಿ ಕಿಕ್ ಹೊಡೆದು ನೋಡಬೇಕು. ಇಲ್ಲಿ ಎರಡು ಎಚ್ಚರಿಕೆಗಳಿವೆ. ಪ್ಲಗ್ಗನ್ನು ಅದರ ತೂತಿನ ಬಾಯಿಗೆ ಹತ್ತಿರ ಇಡಕೂಡದು, ಏಕೆಂದರೆ ಓವರ್‌ಫ್ಲೋ ಆದ ಎಂಜಿನ್ನಿನಿಂದ ಚಿಮ್ಮುವ ಪೆಟ್ರೋಲ್ ಆವಿ ಆ ಕಿಡಿಗೆ ಹೊತ್ತಿಕೊಳ್ಳುತ್ತದೆ. ತೂತಿಗೆ ಬಟ್ಟೆ ಮುಚ್ಚಿ, ಚೆಲ್ಲಿದ ಪೆಟ್ರೋಲನ್ನು ಒರೆಸಿದ ನಂತರವೇ ಪರೀಕ್ಷೆ ಮಾಡಬೇಕು. ಎರಡನೆಯದಾಗಿ, ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬಾರದು ಮತ್ತು ಅದು ಲೋಹಕ್ಕೆ ತಾಗದೆ ಗಾಳಿಯಲ್ಲಿ ತೂಗಾಡುತ್ತಿರುವಾಗ ಕಿಕ್ ಹೊಡೆಯಬಾರದು. ಹೊರಗೆ ಹೋಗಲು ದಾರಿಯಿಲ್ಲದ ವಿದ್ಯುತ್ತು ಕಾಯಿಲ್ ಅಥವಾ ಸಿಡಿಐಯನ್ನೇ ಸುಡಬಹುದು.

ನೀಲಿಯಾದ, ಚಟ್ ಎಂದು ಸದ್ದು ಮಾಡುವ ಕಿಡಿ ಒಳ್ಳೆಯದು. ಹಳದಿಯೋ ಕೆಂಪೋ ಆದ ಸಣಕಲು ಕಿಡಿ ಹೊರಗೆ ಕಂಡರೂ ಸಿಲಿಂಡರಿನ ಒತ್ತಡದಲ್ಲಿ ಹಾರದೆ ಹೋಗಬಹುದು, ಆದ್ದರಿಂದ ಅದನ್ನು ಕಿಡಿ ಇದೆ ಎಂದು ಲೆಕ್ಕ ಹಾಕಬೇಡಿ. ಮೊದಲು ಇನ್ನೊಂದು ಒಳ್ಳೆಯ ಪ್ಲಗ್ ಹಾಕಿ ನೋಡಿ. ಇದೊಂದು ಭಾಗವನ್ನು ಮಾತ್ರ ಸದಾ ಜೊತೆಗಿಟ್ಟುಕೊಂಡಿರಬೇಕು ಎನ್ನುತ್ತೇನೆ. ಪ್ಲಗ್‌ನ ಅಂತರ ಅನೇಕ ಸಣ್ಣ ಎಂಜಿನ್ನುಗಳಲ್ಲಿ 0.7ರಿಂದ 0.8 ಮಿಲಿಮೀಟರ್ ಇರುತ್ತದೆ, ನಿಮ್ಮ ಗಾಡಿಯ ಕೈಪಿಡಿಯಲ್ಲಿ ಖಚಿತ ಅಳತೆ ಸಿಗುತ್ತದೆ. ಹೊಸ ಪ್ಲಗ್‌ನಲ್ಲೂ ಕಿಡಿ ಇಲ್ಲದಿದ್ದರೆ ಕ್ಯಾಪನ್ನು ವೈರಿನಿಂದ ತಿರುಗಿಸಿ ಬಿಡಿಸಿ, ವೈರಿನ ತುದಿಯನ್ನು ನೋಡಿ. ಅದು ಹಸಿರುಗಟ್ಟಿದ್ದರೆ ಸುಮಾರು ಅರ್ಧ ಸೆಂಟಿಮೀಟರ್ ಕತ್ತರಿಸಿ, ಹೊಸ ತಾಮ್ರ ಕಾಣುವಂತೆ ಮಾಡಿ ಕ್ಯಾಪನ್ನು ಮತ್ತೆ ತಿರುಗಿಸಿ. ಮಳೆನಾಡಿನ ಗಾಡಿಗಳಲ್ಲಿ ನಾನು ಕಂಡ ಕಿಡಿಯ ತೊಂದರೆಗಳಲ್ಲಿ ಬಹಳಷ್ಟು ಈ ಅರ್ಧ ಸೆಂಟಿಮೀಟರಿನಲ್ಲೇ ಮುಗಿದಿವೆ.

ಬ್ಯಾಟರಿ ಇಲ್ಲದ ಟ್ರ್ಯಾಕ್ ಗಾಡಿಗಳಲ್ಲಿ ಕಿಲ್ ಸ್ವಿಚ್ ಒತ್ತಿದಾಗ ಕಿಡಿಯ ವಿದ್ಯುತ್ತು ಚಾಸಿಗೆ ಇಳಿದು ಹೋಗುತ್ತದೆ. ಆ ಸ್ವಿಚ್ಚಿನೊಳಗೆ ನೀರು ಸೇರಿದರೆ ಅದು ಯಾವಾಗಲೂ ಒತ್ತಿದಂತೆಯೇ ಇರುತ್ತದೆ. ಸ್ವಿಚ್ಚಿನ ಕನೆಕ್ಟರ್ ಬಿಡಿಸಿದ ಕೂಡಲೇ ಕಿಡಿ ಮರಳಿದರೆ ದೋಷ ಸಿಕ್ಕಿತು ಎಂದೇ ತಿಳಿಯಬೇಕು. ಈ ಉಪಾಯ ಬ್ಯಾಟರಿ ಇಗ್ನಿಷನ್ ಇರುವ ರಸ್ತೆ ಗಾಡಿಗಳಿಗೆ ಸಾಮಾನ್ಯವಾಗಿ ಸಲ್ಲುವುದಿಲ್ಲ, ಅಲ್ಲಿ ಸ್ವಿಚ್ ಬಿಡಿಸಿದರೆ ವಿದ್ಯುತ್ತೇ ನಿಂತುಹೋಗುತ್ತದೆ. ಇಷ್ಟೆಲ್ಲ ಆದಮೇಲೂ ಕಿಡಿ ಬಾರದಿದ್ದರೆ ಹೆಡ್‌ಲೈಟಿನ ಹಿಂದೆ ಮತ್ತು ಟ್ಯಾಂಕಿನ ಕೆಳಗೆ ವೈರುಗಳನ್ನು ಬೆರಳಿನಿಂದ ಸವರಿ ನೋಡಿ. ಶೆಡ್ಡಿನಲ್ಲಿ ನಿಂತ ಗಾಡಿಯ ವೈರನ್ನು ಇಲಿ ಕಡಿದಿರುವುದು ಅಪರೂಪವೇನಲ್ಲ. ಅದೂ ಇಲ್ಲವೆಂದಾದರೆ ಕಾಯಿಲ್ಲನ್ನೂ ಕಿಡಿಯ ಸಮಯ ಗ್ರಹಿಸುವ ಪಿಕಪ್ ಸುರುಳಿಯನ್ನೂ ಮಲ್ಟಿಮೀಟರಿನಿಂದ ಕೈಪಿಡಿಯ ಅಳತೆಗೆ ಹೋಲಿಸಬೇಕು, ಮತ್ತು ಅದು ಬಲ್ಲವರ ಕೈಯಲ್ಲಿ ಆಗಬೇಕಾದ ಕೆಲಸ.

ಪ್ಲಗ್ ಒದ್ದೆಯಾಗಿದ್ದು ಕಿಡಿ ಚೆನ್ನಾಗಿದ್ದರೆ ಎಂಜಿನ್ ಓವರ್‌ಫ್ಲೋ ಆಗಿದೆ. ಪೆಟ್ರೋಲ್ ಟ್ಯಾಪ್ ಮುಚ್ಚಿ, ಚೋಕ್ ತೆಗೆದು, ಕಿಡಿ ಬಾರದಂತೆ ಕೀಲಿ ಮತ್ತು ಕಿಲ್ ಸ್ವಿಚ್ ಆಫ್ ಮಾಡಿ, ಪ್ಲಗ್ ಹೊರಗಿರುವಂತೆಯೇ ಆಕ್ಸಿಲರೇಟರ್ ಪೂರ್ತಿ ತಿರುವಿ ಹಿಡಿದು ಎಂಟು ಹತ್ತು ಸಲ ಕಿಕ್ ಹೊಡೆಯಿರಿ. ಒಣಗಿಸಿದ ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ಪೂರ್ತಿ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರ್ ಹಾಕಿ ಬಿಗಿ ಮಾಡಿ. ಪ್ಲಗ್ ಕೂರುವ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಒಮ್ಮೆ ಹಾಳಾದರೆ ಸರಿಪಡಿಸುವುದು ದುಬಾರಿ.

ಕಾರ್ಬುರೇಟರ್ ಮತ್ತು ಹಳಸಿದ ಪೆಟ್ರೋಲ್

ತಿಂಗಳುಗಟ್ಟಲೆ ನಿಂತ ಗಾಡಿಯ ದೋಷ ಬಹುಮಟ್ಟಿಗೆ ಇಲ್ಲೇ ಇರುತ್ತದೆ. ಕಾರ್ಬುರೇಟರಿನ ತಳದ ಬಟ್ಟಲಿನಲ್ಲಿ ನಿಲ್ಲುವ ಪೆಟ್ರೋಲ್ ಅತ್ಯಲ್ಪ. ಅದರಲ್ಲಿನ ಬೇಗ ಆವಿಯಾಗುವ ಅಂಶಗಳು ಮೊದಲು ಹಾರಿಹೋಗುತ್ತವೆ, ಮತ್ತು ತಣ್ಣಗಿನ ಎಂಜಿನ್ ಹೊತ್ತಿಕೊಳ್ಳಲು ಬೇಕಾದದ್ದು ಆ ಅಂಶಗಳೇ. ಉಳಿದದ್ದು ಅಂಟಾಗಿ, ವಾರ್ನಿಶ್‌ನಂತೆ ಗಟ್ಟಿಯಾಗಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟುಗಳನ್ನು ಮುಚ್ಚುತ್ತದೆ. ಇದಕ್ಕೆ ಈಗ ಎಥೆನಾಲ್ ಸೇರಿದೆ. ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ನೀರು ಒಂದು ಮಿತಿ ಮೀರಿದಾಗ ನೀರೂ ಎಥೆನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ, ಮತ್ತು ಟ್ಯಾಪ್ ಎಳೆದುಕೊಳ್ಳುವುದು ತಳದಿಂದಲೇ. ವಾರಗಟ್ಟಲೆ ಬಿಸಿಲು ಕಾಣದ ಊರಿನಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ನಾಲ್ಕು ತಿಂಗಳು ಬಿಟ್ಟರೆ ಇದಕ್ಕೆ ಬೇಕಾದ ಅನುಕೂಲವೆಲ್ಲ ಒದಗಿದಂತಾಗುತ್ತದೆ.

ಬಟ್ಟಲಿನ ತಳದಲ್ಲಿರುವ ಡ್ರೈನ್ ಸ್ಕ್ರೂವನ್ನು ಸಡಿಲಿಸಿ, ಹೊರಬರುವುದನ್ನು ಪೆಟ್ರೋಲಿಗೆ ಕರಗದ ಪಾರದರ್ಶಕ ಸೀಸೆಯಲ್ಲಿ ಹಿಡಿಯಿರಿ. ಹತ್ತು ನಿಮಿಷ ಬಿಟ್ಟು ಬೆಳಕಿಗೆ ಹಿಡಿದರೆ ತಳದಲ್ಲಿ ಗುಳ್ಳೆಗಳಂತೆಯೋ ಗೆರೆ ಎಳೆದಂತೆಯೋ ನೀರು ಬೇರೆಯಾಗಿ ಕಾಣುತ್ತದೆ. ನೀರು ಕಂಡರೆ, ಅಥವಾ ಬಣ್ಣದ ಡಬ್ಬಿ ತೆರೆದಾಗ ಬರುವಂತಹ ಹುಳಿಮಿಶ್ರಿತ ವಾಸನೆ ಬಂದರೆ, ಟ್ಯಾಂಕಿನ ಪೆಟ್ರೋಲನ್ನೂ ಪೂರ್ತಿ ತೆಗೆದು ಹೊಸದನ್ನು ಹಾಕಬೇಕು. ಹಳೆಯದರ ಮೇಲೆ ಹೊಸದನ್ನು ಸುರಿದರೆ ನೀರು ತಳದಲ್ಲೇ ಉಳಿಯುತ್ತದೆ. ಟ್ಯಾಪ್ ತೆರೆದಿದ್ದೂ ಡ್ರೈನ್‌ನಿಂದ ಏನೂ ಬಾರದಿದ್ದರೆ ಟ್ಯಾಪಿನ ಜಾಲರಿ ಕಟ್ಟಿದೆ, ಅಥವಾ ಬಟ್ಟಲಿಗೆ ಪೆಟ್ರೋಲ್ ಬಿಡುವ ಫ್ಲೋಟ್ ಸೂಜಿ ಮುಚ್ಚಿದಂತೆ ಅಂಟಿದೆ. ಅದಕ್ಕೆ ವಿರುದ್ಧವಾಗಿ ಕೊಳವೆಯಿಂದ ಪೆಟ್ರೋಲ್ ಸುರಿಯುತ್ತಲೇ ಇದ್ದರೆ ಸೂಜಿ ತೆರೆದಂತೆ ಸಿಕ್ಕಿಕೊಂಡಿದೆ. ಎರಡೂ ಸಂದರ್ಭಗಳಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿನ ಬದಿಗೆ ಮೆಲ್ಲಗೆ ತಟ್ಟಿದರೆ ಕೆಲವೊಮ್ಮೆ ಸೂಜಿ ಬಿಡುತ್ತದೆ. ಕಾಡಿನ ಅಂಚಿನಲ್ಲಿ ಸಿಕ್ಕಿಕೊಂಡವರನ್ನು ಮನೆಗೆ ತಲುಪಿಸಲು ಇಷ್ಟು ಸಾಕು, ಮನೆಯಲ್ಲಿ ಅದನ್ನು ಬಿಚ್ಚಿ ಶುಚಿಗೊಳಿಸಲೇಬೇಕು.

ಚೋಕ್ ಹಾಕಿದಾಗ ಮಾತ್ರ ಉರಿದು, ಚೋಕ್ ತೆಗೆದ ಕೂಡಲೇ ಆರುವ ಗಾಡಿಯಲ್ಲಿ ನಿಧಾನ ಓಟಕ್ಕೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಕಟ್ಟಿದೆ ಎಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಆ ಜೆಟ್ಟಿನ ತೂತು ಸಣ್ಣ ಗಾಡಿಗಳಲ್ಲಿ ಅರ್ಧ ಮಿಲಿಮೀಟರಿಗಿಂತಲೂ ಕಿರಿದು, ಕೂದಲೆಳೆಯಷ್ಟು ಅಂಟು ಅದನ್ನು ಮುಚ್ಚಲು ಸಾಕು. ಬಟ್ಟಲನ್ನು ಬಿಚ್ಚುವಾಗ ಸ್ಕ್ರೂವಿನ ತಲೆಗೆ ಸರಿಯಾಗಿ ಕೂರುವ ತುದಿಯನ್ನೇ ಬಳಸಿ ಗಟ್ಟಿಯಾಗಿ ಒತ್ತಿ ತಿರುಗಿಸಿ. ಈ ಸ್ಕ್ರೂಗಳು ಮೆತ್ತಗಿರುತ್ತವೆ, ತಲೆ ಸವೆದರೆ ಮುಂದಿನ ಕೆಲಸವೆಲ್ಲ ಕಷ್ಟ. ಜೆಟ್ಟನ್ನು ಬಿಚ್ಚಿ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ, ಗಾಳಿ ಊದಿ, ಬೆಳಕಿಗೆ ಹಿಡಿದು ತೂತು ದುಂಡಗೆ ಕಾಣುವವರೆಗೆ ಮತ್ತೆ ಮತ್ತೆ ಮಾಡಿ. ಉಕ್ಕಿನ ತಂತಿಯಿಂದಾಗಲಿ ಪಿನ್ನಿನಿಂದಾಗಲಿ ಚುಚ್ಚಬೇಡಿ, ಹಿತ್ತಾಳೆಯ ಜೆಟ್ ಗೀರಿ ಅಳತೆ ಶಾಶ್ವತವಾಗಿ ಕೆಡುತ್ತದೆ. ಬೇಕೇ ಬೇಕೆಂದಾದರೆ ನೈಲಾನ್ ಎಳೆ ಬಳಸಬಹುದು. ಮಿಶ್ರಣದ ಹದ ಹೊಂದಿಸುವ ಗಾಳಿ ಸ್ಕ್ರೂವನ್ನು ತೆಗೆಯುವುದಾದರೆ ಮೊದಲು ಅದನ್ನು ಮೃದುವಾಗಿ ಒಳಗೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ಕೂತಿತು ಎಂದು ಬರೆದಿಟ್ಟುಕೊಳ್ಳಿ, ಮರಳಿ ಹಾಕುವಾಗ ಅಷ್ಟೇ ಸುತ್ತು ಹೊರಗೆ ಬಿಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸಿ. ಪ್ಲಗ್ಗನ್ನೂ ಜೆಟ್ಟನ್ನೂ ಸ್ಕ್ರೂವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಮದ್ದಾಯಿತು ಎಂದು ತಿಳಿಯುವುದಿಲ್ಲ.

ಇಂಜೆಕ್ಷನ್ ಗಾಡಿಯಲ್ಲಿ ಕೀಲಿ ತಿರುಗಿಸಿದ ಕೂಡಲೇ ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡು ಗುಂಯ್ ಎಂಬ ಪಂಪಿನ ಸದ್ದು ಕೇಳಬೇಕು. ಕೇಳದಿದ್ದರೆ ಫ್ಯೂಸ್, ಪಂಪಿನ ಕನೆಕ್ಟರ್, ಬ್ಯಾಟರಿ ಈ ಮೂರನ್ನು ಅದೇ ಕ್ರಮದಲ್ಲಿ ನೋಡಿ. ಎಂಜಿನ್ ಚಿಹ್ನೆಯ ದೀಪ ಆರದೆ ಉಳಿದಿದ್ದರೆ ಸೆನ್ಸರಿನ ದೋಷವಿರಬಹುದು, ಅದನ್ನು ಓದಲು ಸ್ಕ್ಯಾನರ್ ಇರುವ ಗರಾಜಿಗೇ ಹೋಗಬೇಕು.

ಗಾಳಿಯ ದಾರಿ ಮತ್ತು ಕುಂಬಾರ ಹುಳು

ಕೋಲಾರದ ಕಡೆಯ ಒಣ ಧೂಳಿನಲ್ಲಿ ಓಡಿಸಿದ ಗಾಡಿಯ ಫಿಲ್ಟರ್ ಒಂದೇ ದಿನದಲ್ಲಿ ಕೆಮ್ಮಣ್ಣಿನ ಇಟ್ಟಿಗೆಯಂತಾಗುತ್ತದೆ. ಮಲೆನಾಡಿನಲ್ಲಿ ಅದು ನೀರು ಕುಡಿದು ಉಬ್ಬುತ್ತದೆ. ಫಿಲ್ಟರ್ ತೆಗೆದು ಒಂದೆರಡು ಸಲ ಕಿಕ್ ಹೊಡೆದಾಗ ಸ್ಟಾರ್ಟ್ ಆದರೆ ಕಾರಣ ತಿಳಿಯಿತು, ಆದರೆ ಫಿಲ್ಟರ್ ಇಲ್ಲದೆ ಓಡಿಸಬಾರದು. ಫೋಮ್ ಫಿಲ್ಟರನ್ನು ಸೀಮೆಎಣ್ಣೆಯಂತಹ ದ್ರಾವಕದಲ್ಲಿ ತೊಳೆದು, ಸೋಪು ನೀರಿನಲ್ಲಿ ಅದುಮಿ, ನೆರಳಿನಲ್ಲಿ ಪೂರ್ತಿ ಒಣಗಿಸಿ, ಫಿಲ್ಟರ್ ಎಣ್ಣೆ ಸವರಿ ಹಾಕಬೇಕು. ಪೆಟ್ರೋಲಿನಲ್ಲಿ ತೊಳೆದರೆ ಅಂಟು ಬಿಡುತ್ತದೆ, ಬೆಂಕಿಯ ಅಪಾಯ ಬೇರೆ.

ಒಂದು ವರ್ಷ ಮೂಡಿಗೆರೆಯ ಕಡೆಯ ತೋಟದಲ್ಲಿ ನಮ್ಮ ಸಣ್ಣ ಡರ್ಟ್ ಬೈಕ್ ಮಳೆಗಾಲದ ನಂತರ ಸ್ಟಾರ್ಟ್ ಆಗಿ, ಐದು ನಿಮಿಷ ಓಡಿ, ಆರಿ, ಆಮೇಲೆ ಎಷ್ಟು ಹೊಡೆದರೂ ಏಳದೆ ಕೂತಿತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಪ್ಲಗ್ ಬದಲಾಯಿತು, ಕಾರ್ಬುರೇಟರ್ ಎರಡು ಸಲ ಶುಚಿಯಾಯಿತು, ಗರಾಜಿನವರು ಕಾಯಿಲ್ಲನ್ನೂ ಬದಲಿಸಿದರು. ಕೊನೆಗೊಂದು ದಿನ ಗಾಡಿ ಆರಿದ ಕ್ಷಣದಲ್ಲೇ ಟ್ಯಾಂಕಿನ ಮುಚ್ಚಳ ತೆರೆದಾಗ ಸುಯ್ ಎಂದು ಗಾಳಿ ಒಳಗೆ ನುಗ್ಗಿತು ಮತ್ತು ಗಾಡಿ ಮರುಹೊಡೆತಕ್ಕೇ ಸ್ಟಾರ್ಟ್ ಆಯಿತು. ಮುಚ್ಚಳದಿಂದ ಹ್ಯಾಂಡಲಿನ ಬುಡಕ್ಕೆ ಇಳಿಯುವ ಗಾಳಿಕೊಳವೆಯ ತುದಿಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು. ಟ್ಯಾಂಕಿಗೆ ಗಾಳಿ ಹೋಗದೆ ಪೆಟ್ರೋಲ್ ಕೆಳಗೆ ಇಳಿಯುತ್ತಿರಲಿಲ್ಲ, ಅಷ್ಟೇ. ಅಂದಿನಿಂದ ಮಳೆಗಾಲ ಕಳೆದ ಗಾಡಿಯಲ್ಲಿ ನಾನು ಮೊದಲು ನೋಡುವುದು ಟ್ಯಾಂಕಿನ ಗಾಳಿಕೊಳವೆ, ಕಾರ್ಬುರೇಟರಿನಿಂದ ಕೆಳಗೆ ತೂಗುವ ಕೊಳವೆಗಳು ಮತ್ತು ಸೈಲೆನ್ಸರಿನ ಬಾಯಿ. ಸೈಲೆನ್ಸರ್ ಕೆಸರಿನಿಂದ ಕಟ್ಟಿದ್ದರೂ ಹೊಗೆ ಹೊರಹೋಗದೆ ಹೊಸ ಗಾಳಿ ಒಳಬರುವುದಿಲ್ಲ. ಕಿಕ್ ಹೊಡೆಯುವಾಗ ಅಂಗೈಯನ್ನು ಅದರ ಬಾಯಿಯ ಬಳಿ ಹಿಡಿದರೆ ಉಸಿರು ತಾಗಬೇಕು.

ಕಂಪ್ರೆಶನ್

ಪೆಟ್ರೋಲ್, ಗಾಳಿ, ಕಿಡಿ ಮೂರೂ ಸರಿಯಿದ್ದೂ ಗಾಡಿ ಏಳದಿದ್ದರೆ ಉಳಿದಿರುವುದು ಇದೊಂದೇ. ಕಿಕ್ಕರ್ ಮೊದಲಿಗಿಂತ ಹಗುರವಾಗಿ ಇಳಿಯುತ್ತಿದ್ದರೆ ಅನುಮಾನಿಸಿ. ಪ್ಲಗ್‌ನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಇನ್ನೊಬ್ಬರಿಂದ ಕಿಕ್ ಹೊಡೆಸಿದರೆ ಬೆರಳನ್ನು ಬಲವಾಗಿ ತಳ್ಳಬೇಕು. ಆಗಲೂ ಕೀಲಿ ಮತ್ತು ಕಿಲ್ ಸ್ವಿಚ್ ಆಫ್ ಇರಲಿ. ಗೇಜ್ ಇದ್ದರೆ ಆಕ್ಸಿಲರೇಟರ್ ಪೂರ್ತಿ ತೆರೆದು ಐದಾರು ಸಲ ಹೊಡೆದು ಓದಿ. ಆದರೆ ಹಲವು ಫೋರ್ ಸ್ಟ್ರೋಕ್ ಎಂಜಿನ್ನುಗಳಲ್ಲಿ ಸ್ಟಾರ್ಟ್ ಮಾಡುವಾಗ ಒತ್ತಡ ತಗ್ಗಿಸುವ ಏರ್ಪಾಡು ಇರುವುದರಿಂದ ಅಂಕಿಯನ್ನು ಕೈಪಿಡಿಯ ಅಂಕಿಗೇ ಹೋಲಿಸಬೇಕು. ಒಂದು ಚಮಚ ಎಂಜಿನ್ ಎಣ್ಣೆಯನ್ನು ಪ್ಲಗ್‌ನ ತೂತಿನಿಂದ ಬಿಟ್ಟು ಮತ್ತೆ ಅಳೆದಾಗ ಒತ್ತಡ ಚೆನ್ನಾಗಿ ಏರಿದರೆ ಸೋರಿಕೆ ಪಿಸ್ಟನ್ ರಿಂಗಿನಲ್ಲಿದೆ, ಏರದಿದ್ದರೆ ವಾಲ್ವ್‌ನಲ್ಲಿದೆ.

ಫೋರ್ ಸ್ಟ್ರೋಕ್ ಡರ್ಟ್ ಬೈಕ್‌ಗಳಲ್ಲಿ ವಾಲ್ವ್‌ಗಳು ತಮ್ಮ ಕೂರುವ ಜಾಗದಲ್ಲಿ ಸವೆದು ಒಳಕ್ಕೆ ಇಳಿದಂತೆ ಟ್ಯಾಪೆಟ್‌ನ ಅಂತರ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಕಡಿಮೆಯಾಗುತ್ತಾ ಬಂದು, ಕೊನೆಗೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಒಂದೇ ಹೊಡೆತಕ್ಕೆ ಸ್ಟಾರ್ಟ್ ಆಗುತ್ತಿದ್ದ ಗಾಡಿ ವಾರದಿಂದ ವಾರಕ್ಕೆ ಹೆಚ್ಚು ಹೆಚ್ಚು ಹೊಡೆತ ಕೇಳುತ್ತಾ, ತಳ್ಳಿದರೆ ಮಾತ್ರ ಸ್ಟಾರ್ಟ್ ಆಗುವ ಹಂತಕ್ಕೆ ಬಂದರೆ ಇದೇ ಕಾರಣ ಎಂದು ಊಹಿಸಬಹುದು. ಈ ಅಂತರವನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗ ಅಳೆಯಬೇಕು. ಟೂ ಸ್ಟ್ರೋಕ್ ಗಾಡಿಯಲ್ಲಿ ವಾಲ್ವ್‌ಗಳ ಬದಲು ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವೆ ಇರುವ ರೀಡ್ ತಗಡುಗಳನ್ನು ನೋಡಿ. ಅವು ಸೀಳಿದ್ದರೆ ಅಥವಾ ತುದಿ ಮುರಿದಿದ್ದರೆ ಎಳೆದುಕೊಂಡ ಮಿಶ್ರಣ ಹಿಂದಕ್ಕೇ ಹೋಗುತ್ತದೆ.

ಹಳ್ಳದಲ್ಲಿ ನಿಂತ ಗಾಡಿ

ನೀರು ಸಂಕುಚಿತವಾಗುವುದಿಲ್ಲ. ಸಿಲಿಂಡರಿನಲ್ಲಿ ನೀರಿರುವಾಗ ಸೆಲ್ಫ್ ಒತ್ತಿದರೆ ಅಥವಾ ಗಾಡಿ ತಳ್ಳಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಗಾಡಿಯನ್ನು ದಡಕ್ಕೆ ಎಳೆದು, ಕೀಲಿ ಆಫ್ ಮಾಡಿ, ಪ್ಲಗ್ ಮತ್ತು ಫಿಲ್ಟರ್ ತೆಗೆಯಿರಿ. ಏರ್ ಬಾಕ್ಸಿನ ನೀರು ಸುರಿದು, ಗಾಡಿಯನ್ನು ಹಿಂಬದಿಯ ಮೇಲೆ ಎತ್ತಿ ಸೈಲೆನ್ಸರಿನ ನೀರನ್ನೂ ಇಳಿಸಿ. ಅನಂತರ ಪ್ಲಗ್ ಹೊರಗಿರುವಂತೆಯೇ, ಆಕ್ಸಿಲರೇಟರ್ ಪೂರ್ತಿ ತೆರೆದು, ತೂತಿನಿಂದ ನೀರು ಚಿಮ್ಮುವುದು ನಿಲ್ಲುವವರೆಗೆ ನಿಧಾನವಾಗಿ ಕಿಕ್ಕರ್ ಒತ್ತಬೇಕು. ಕಾರ್ಬುರೇಟರಿನ ಬಟ್ಟಲನ್ನು ಬಸಿದು, ಒಣ ಪ್ಲಗ್ ಹಾಕಿ ಪ್ರಯತ್ನಿಸುವ ಮೊದಲು ಎಣ್ಣೆಯ ಗಾಜಿನಲ್ಲಿ ನೋಡಿ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದನ್ನು ಬದಲಿಸದೆ ಎಂಜಿನ್ ಓಡಿಸಬೇಡಿ.

ದಾರಿಯಲ್ಲಿ ನಡೆಸುವ ಈ ಎಲ್ಲ ದುರಸ್ತಿಗೂ ಸಮಯದ ಮಿತಿ ಇಟ್ಟುಕೊಳ್ಳಬೇಕು ಎಂದು ಕಳಕಳಿಯಿಂದ ಹೇಳುತ್ತೇನೆ. ಸಕಲೇಶಪುರ, ಆಲೂರು, ಮೂಡಿಗೆರೆಗಳ ತೋಟಗಳಲ್ಲಿ ಆನೆಗಳ ಓಡಾಟವಿದೆ, ಸಂಜೆಯಾದಂತೆ ಅವು ದಾರಿಗೆ ಇಳಿಯುತ್ತವೆ. ಕತ್ತಲಾಗಲು ಒಂದೂವರೆ ಗಂಟೆ ಇರುವಾಗಲೂ ಗಾಡಿ ಏಳದಿದ್ದರೆ ಅದನ್ನು ಅಲ್ಲೇ ಬಿಟ್ಟು, ಇರುವ ಬೆಳಕಿನಲ್ಲಿ ನಡೆದು ಹೊರಬನ್ನಿ. ಬೆಳಗ್ಗೆ ಬಂದು ತೆಗೆದುಕೊಂಡು ಹೋಗಬಹುದು.

ಮಳೆಗಾಲಕ್ಕೆ ಗಾಡಿಯನ್ನು ಒಳಗಿಡುವಾಗ ಟ್ಯಾಪ್ ಮುಚ್ಚಿ ಕಾರ್ಬುರೇಟರಿನ ಬಟ್ಟಲನ್ನು ಬಸಿಯಿರಿ, ಬ್ಯಾಟರಿಯ ತಂತಿ ಬಿಡಿಸಿ ತಿಂಗಳಿಗೊಮ್ಮೆ ಚಾರ್ಜ್ ಮಾಡಿ, ಪ್ಲಾಸ್ಟಿಕ್ ಟ್ಯಾಂಕಾದರೆ ಖಾಲಿ ಮಾಡಿ, ತುಕ್ಕು ಹಿಡಿಯುವ ಕಬ್ಬಿಣದ ಟ್ಯಾಂಕಾದರೆ ಅಂಚಿನವರೆಗೆ ತುಂಬಿ. ಸೈಲೆನ್ಸರಿನ ಬಾಯಿಗೂ ಗಾಳಿಕೊಳವೆಗಳ ತುದಿಗೂ ಬಟ್ಟೆ ಕಟ್ಟಿ, ಹಾಗೆ ಕಟ್ಟಿರುವುದನ್ನು ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲಿಗೆ ತೂಗುಹಾಕಿ. ಇಲ್ಲದಿದ್ದರೆ ಅಕ್ಟೋಬರಿನಲ್ಲಿ ಆ ಬಟ್ಟೆಯೇ ಗಾಡಿಯನ್ನು ತಡೆದು ನಿಲ್ಲಿಸೀತು.